ವೇಲ್ಸಿನ ಹಳ್ಳಿಯಲ್ಲಿ ಧಣಿ ಕಟ್ಟಿಸಿದ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವೇಲ್ಸಿನ ಪೋವಿಸ್ ಕೋಟೆಗೆ ಹೋಗುವ ಕನ್ನಡಿಗರು ಹೆಚ್ಚಾಗಿ ಟಿಪ್ಪುವಿನ ಡೇರೆ ನೋಡೋಕೆ ಹೋಗ್ತಾರೆ. ನಾನೂ ಹಾಗೇ ಹೋದವಳು. ಡೇರೆ ನೋಡಿ ಹೊರಗೆ ಬಂದು ತೋಟದ ಮೆಟ್ಟಿಲುಗಳ ಮೇಲೆ ನಿಂತಾಗ, ನದಿಯಾಚೆ ಬೆಟ್ಟದ ಬುಡದಲ್ಲಿ ಒಂದು ಚೂಪು ಚರ್ಚ್ ಗೋಪುರ ಕಂಡಿತು. ಅದು ಲೇಟನ್. ಆ ಊರಿನ ಮನೆ, ಕೊಟ್ಟಿಗೆ, ಶಾಲೆ, ಚರ್ಚ್ ಎಲ್ಲವನ್ನೂ ಒಬ್ಬನೇ ಜಮೀನ್ದಾರ ಕಟ್ಟಿಸಿದ ಅಂತ ಆಮೇಲೆ ತಿಳಿಯಿತು. ಅಂದಿನಿಂದ ಇಂಥ ಮನೆಗಳ ಹುಚ್ಚು ಹಿಡಿದಿದೆ. ಸ್ನೇಹಿತರು, ನೆಂಟರು ಕೇಳುವ ಪ್ರಶ್ನೆಗಳು ಮತ್ತೆ ಮತ್ತೆ ಅವೇ ಆಗಿರುವುದರಿಂದ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಎಸ್ಟೇಟ್ ಮನೆ ಅಂದ್ರೆ ನಮ್ಮ ಕಾಫಿ ಎಸ್ಟೇಟಿನ ಲೈನ್ ಮನೆಗಳ ಥರಾನಾ?

ಅಲ್ಲ. ಬ್ರಿಟನ್ನಿನಲ್ಲಿ ಎಸ್ಟೇಟ್ ಅಂದ್ರೆ ಒಂದು ಕುಟುಂಬದ ಒಡೆತನದಲ್ಲಿರುವ ಇಡೀ ಜಮೀನು. ಅದರಲ್ಲಿ ಧಣಿಯ ಬಂಗಲೆ ಇರುತ್ತದೆ, ಸುತ್ತ ಹತ್ತಾರು ಒಕ್ಕಲು ಕುಟುಂಬಗಳು ಗೇಣಿಗೆ ಮಾಡುವ ಹೊಲಮನೆಗಳಿರುತ್ತವೆ, ಕಾಡಿರುತ್ತದೆ, ಒಂದೆರಡು ಹಳ್ಳಿಗಳೂ ಇರುತ್ತವೆ. ಕೂಲಿಗಳು, ತೋಟಗಾರರು, ಬಡಗಿಗಳು, ಕಾಡು ಕಾಯುವವರು, ಇವರಿಗೆಲ್ಲ ಧಣಿ ಕಟ್ಟಿಸಿಕೊಟ್ಟ ಮನೆಯೇ ಎಸ್ಟೇಟ್ ಮನೆ. ಸಾಮಾನ್ಯವಾಗಿ ಎರಡೆರಡು ಮನೆ ಒಂದೇ ಮಾಡಿನಡಿ ಜೋಡಿಯಾಗಿರುತ್ತವೆ. ಮುಂದೆ ಹೂವು, ಹಿಂದೆ ತರಕಾರಿ ಬೆಳೆಯಲು ಜಾಗ. ಕಡಿದಾದ ಮಾಡು, ಎತ್ತರದ ಚಿಮಣಿ, ಮಾಡಿನ ಅಂಚಿಗೆ ಕೆತ್ತಿದ ಮರದ ಪಟ್ಟಿ. ಒಂದೇ ಎಸ್ಟೇಟಿನ ಮನೆಗಳಿಗೆ ಒಂದು ಕುಟುಂಬದ ಮುಖಚರ್ಯೆ ಇರುತ್ತದೆ. ನಾಲ್ಕು ಮನೆ ನೋಡಿದರೆ ಐದನೆಯದನ್ನು ನೀವೇ ಗುರುತು ಹಿಡಿಯುತ್ತೀರಿ.

ಲೇಟನ್ ಎಲ್ಲಿದೆ?

ಮಧ್ಯ ವೇಲ್ಸಿನ ಹಳೆಯ ಮಾಂಟ್‌ಗಮರಿಶೈರ್‌ನಲ್ಲಿ, ಅಂದರೆ ಈಗಿನ ಪೋವಿಸ್ ಜಿಲ್ಲೆಯಲ್ಲಿ. ವೆಲ್ಷ್‌ಪೂಲ್ ಪಟ್ಟಣದಿಂದ ಸೆವರ್ನ್ ನದಿ ದಾಟಿದರೆ ಸಿಗುತ್ತದೆ. ಇಂಗ್ಲೆಂಡಿನ ಗಡಿ ಹತ್ತಿರದಲ್ಲೇ ಇದೆ.

ಕಟ್ಟಿಸಿದವರು ಯಾರು? ಅಷ್ಟು ದುಡ್ಡು ಎಲ್ಲಿಂದ ಬಂತು?

ಜಾನ್ ನೇಲರ್ ಎಂಬ ಲಿವರ್‌ಪೂಲ್‌ನ ಬ್ಯಾಂಕರ್. 1846ರಲ್ಲಿ ಅವನ ಮದುವೆಯಾದಾಗ ಸೋದರಮಾವ ಕ್ರಿಸ್ಟೊಫರ್ ಲೇಲೆಂಡ್ ಈ ಎಸ್ಟೇಟನ್ನು ಉಡುಗೊರೆಯಾಗಿ ಕೊಟ್ಟ. ಆಗ ನೇಲರ್‌ಗೆ ಮೂವತ್ತರ ಮೇಲೆ ಮೂರ್ನಾಲ್ಕು ವರ್ಷ. ಮುಂದಿನ ನಾಲ್ಕು ದಶಕ, 1889ರಲ್ಲಿ ತೀರಿಕೊಳ್ಳುವವರೆಗೆ, ಇದೇ ಅವನ ಊರಾಯಿತು.

ದುಡ್ಡಿನ ಮೂಲವನ್ನು ಬಿಟ್ಟು ಈ ಮನೆಗಳ ಕಥೆ ಹೇಳೋಕೆ ನನಗೆ ಮನಸ್ಸು ಬರುವುದಿಲ್ಲ. ಈ ಕುಟುಂಬದ ಲೇಲೆಂಡ್ ಅಂಡ್ ಬುಲಿನ್ಸ್ ಬ್ಯಾಂಕ್ ಶುರುವಾದದ್ದು 1807ರಲ್ಲಿ. ಅದರ ಸ್ಥಾಪಕ ಥಾಮಸ್ ಲೇಲೆಂಡ್ ಮೂರು ಸಲ ಲಿವರ್‌ಪೂಲ್‌ನ ಮೇಯರ್ ಆಗಿದ್ದವನು. ಅವನು ಆಫ್ರಿಕಾದ ಜನರನ್ನು ಹಡಗಿಗೆ ತುಂಬಿ ಮಾರುವ ವ್ಯಾಪಾರದಲ್ಲಿ ದುಡ್ಡು ಮಾಡಿದ್ದ. ಆ ಹಣ ಬ್ಯಾಂಕಾಯಿತು, ಬ್ಯಾಂಕಿನ ಹಣ ಎಸ್ಟೇಟಾಯಿತು, ಎಸ್ಟೇಟಿನ ಹಣ ಇಟ್ಟಿಗೆ ಗೋಡೆಯಾಯಿತು. ವೇಲ್ಸಿನಲ್ಲಿ ಇದೊಂದೇ ಹೀಗಲ್ಲ. ಉತ್ತರದ ಪೆನ್ರಿನ್ ಎಸ್ಟೇಟಿನ ಹಿಂದೆ ಜಮೈಕಾದ ಸಕ್ಕರೆ ತೋಟಗಳಿದ್ದವು, ಆ ತೋಟಗಳಲ್ಲಿ ಗುಲಾಮರಿದ್ದರು.

“ಸುಧಾರಕ ಜಮೀನ್ದಾರ” ಅಂತ ಯಾಕೆ ಕರೀತಾರೆ? ಏನನ್ನು ಸುಧಾರಿಸಿದ?

ಸುಮ್ನೆ ಗೇಣಿ ವಸೂಲು ಮಾಡಿಕೊಂಡು ಕೂರದೆ, ಜಮೀನಿಗೆ ದುಡ್ಡು ಸುರಿದವನಿಗೆ ಈ ಹೆಸರು. ಜವುಗು ನೆಲದ ನೀರು ಬಸಿಯಲು ಕೊಳವೆ ಹೂಳುವುದು, ಕೊಟ್ಟಿಗೆ ಕಟ್ಟುವುದು, ರಸ್ತೆ ಹಾಕುವುದು, ಗಿಡ ನೆಡುವುದು, ಮನೆ ಕಟ್ಟುವುದು. ಸರ್ಕಾರವೂ ಇದಕ್ಕೆ ದಾರಿ ಮಾಡಿಕೊಟ್ಟಿತ್ತು. 1846ರಲ್ಲಿ ನೀರು ಬಸಿಯುವ ಕೆಲಸಕ್ಕೆ ಸರ್ಕಾರಿ ಸಾಲ ಸಿಗುವಂಥ ಕಾನೂನು ಬಂತು. 1864ರಲ್ಲಿ ಜಮೀನು ಸುಧಾರಣೆಗಾಗಿಯೇ ಇನ್ನೊಂದು ಕಾನೂನು ಬಂತು.

ನೇಲರ್ ಮಾತ್ರ ಸಾಲಕ್ಕೆ ಕಾಯಬೇಕಾದವನಲ್ಲ. ಅವನು ಮಾಡಿದ್ದು ಒಂದು ಊರಿನ ಮಟ್ಟದ ಕಾರ್ಖಾನೆ. ಲಿವರ್‌ಪೂಲ್‌ನ ವಾಸ್ತುಶಿಲ್ಪಿ ಡಬ್ಲ್ಯೂ. ಎಚ್. ಗೀ ಕೈಲಿ ಬಂಗಲೆ, ಚರ್ಚ್, ಮಾದರಿ ಫಾರ್ಮ್ ಎಲ್ಲವನ್ನೂ ಕಟ್ಟಿಸಿದ. ಫಾರ್ಮಿನಲ್ಲಿ ಹಂದಿಗಳಿಗೆ ದುಂಡಗಿನ ಕಟ್ಟಡ, ಕುರಿಗಳಿಗೆ ಅದರ ಜೋಡಿ ಇನ್ನೊಂದು. ಕೊಟ್ಟಿಗೆಯ ಗಂಜಲ, ಸಗಣಿ ನೀರನ್ನು ಬೆಟ್ಟದ ಮೇಲಿನ ದೊಡ್ಡ ತೊಟ್ಟಿಗೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಇಳಿಜಾರಿನ ಬಲದಿಂದಲೇ ಹೊಲಗಳಿಗೆ ಬಿಡುತ್ತಿದ್ದರು. ಬೆಟ್ಟ ಹತ್ತಲು ಹಗ್ಗ ಎಳೆಯುವ ಪುಟ್ಟ ರೈಲು ಬೇರೆ. ನಮ್ಮ ರೈತರು ಗಂಜಲದ ಬೆಲೆ ಬಲ್ಲವರು, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದನ್ನು ಬೆಟ್ಟಕ್ಕೆ ಏರಿಸಿ ಊರಿಗೆಲ್ಲ ಹಂಚುವ ಯೋಚನೆ ಇದೆಯಲ್ಲ, ಅದನ್ನು ಓದಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ಅದಕ್ಕೂ ಮೊದಲು ಕೂಲಿಯವರು ಎಂಥ ಮನೆಯಲ್ಲಿದ್ದರು?

ಸೆವರ್ನ್ ಕಣಿವೆಯಲ್ಲಿ ಹಳೆಯ ಬಡವರ ಮನೆ ಅಂದ್ರೆ ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಹುಲ್ಲು ಮಾಡು. ಒಳಗೆ ಒಂದು ಕೋಣೆ, ಮೇಲೆ ಏಣಿ ಹತ್ತಿ ಹೋಗುವ ಅಟ್ಟ. ನೆಲ ಮಣ್ಣಿನದ್ದು. ಅಪ್ಪ, ಅಮ್ಮ, ದೊಡ್ಡ ಮಕ್ಕಳು, ಚಿಕ್ಕ ಮಕ್ಕಳು ಎಲ್ಲ ಅಲ್ಲೇ. ಮದುವೆಯಾಗದ ಆಳುಗಳಿಗೆ ಅದೂ ಇಲ್ಲ. ಅವರು ಯಜಮಾನನ ಕೊಟ್ಟಿಗೆಯ ಅಟ್ಟದಲ್ಲಿ ಮಲಗುತ್ತಿದ್ದರು. 1860ರ ದಶಕದ ಕೊನೆಯಲ್ಲಿ ಹಳ್ಳಿಯ ಕೂಲಿಗಳ ಸ್ಥಿತಿ ನೋಡಲು ಬಂದ ರಾಯಲ್ ಕಮಿಷನ್ನಿನವರು, ಅಂದರೆ ಸರ್ಕಾರಿ ವಿಚಾರಣಾ ಮಂಡಳಿಯವರು, ವೇಲ್ಸಿನ ಇಂಥ ಮನೆಗಳ ಬಗ್ಗೆ ಬಹಳ ಕಟುವಾಗಿ ಬರೆದರು.

ಇನ್ನೊಂದು ಬಗೆ ಇತ್ತು. ವೇಲ್ಷ್ ಭಾಷೆಯಲ್ಲಿ “ತೀ ಇನ್ನೋಸ್”, ಅಂದರೆ ಒಂದು ರಾತ್ರಿ ಮನೆ. ಊರ ಹುಲ್ಲುಗಾವಲಲ್ಲಿ ಸೂರ್ಯ ಮುಳುಗಿದ ಮೇಲೆ ಶುರುಮಾಡಿ, ಬೆಳಗಾಗುವಷ್ಟರಲ್ಲಿ ಹುಲ್ಲುಹೆಂಟೆಯ ಗೋಡೆ ಎಬ್ಬಿಸಿ, ಮಾಡು ಹೊದಿಸಿ, ಚಿಮಣಿಯಿಂದ ಹೊಗೆ ಬರಿಸಿದರೆ ಆ ಮನೆ ನಿನ್ನದೇ ಅಂತ ಜನ ನಂಬಿದ್ದರು. ಬಾಗಿಲಲ್ಲಿ ನಿಂತು ಕೊಡಲಿ ಎಸೆದರೆ ಅದು ಬಿದ್ದಷ್ಟು ದೂರದವರೆಗಿನ ನೆಲವೂ ನಿನ್ನದೇ ಅಂತ ಹೇಳುತ್ತಿದ್ದರು. ಕಾನೂನಿನಲ್ಲಿ ಇದಕ್ಕೆ ಆಧಾರ ಇರಲಿಲ್ಲ. ಆದರೂ ಜನ ಅಣ್ಣತಮ್ಮಂದಿರನ್ನು, ನೆರೆಯವರನ್ನು ಕಟ್ಟಿಕೊಂಡು ಕತ್ತಲಲ್ಲಿ ಮನೆ ಎಬ್ಬಿಸಿದರು. ಸ್ವಂತದ್ದು ಅನ್ನುವ ಒಂದು ಸೂರಿಗೆ ಎಷ್ಟು ಹಂಬಲವಿತ್ತು ನೋಡಿ. ಧಣಿ ಕಟ್ಟಿಸಿದ ಒಳ್ಳೆ ಮನೆಯನ್ನು ನೋಡುವಾಗಲೆಲ್ಲ ನನಗೆ ಈ ಒಂದು ರಾತ್ರಿ ಮನೆ ನೆನಪಾಗುತ್ತದೆ.

ಹೊಸ ಮನೆಯೊಳಗೆ ಏನೇನಿತ್ತು?

ಆ ಕಾಲದ ಮಾದರಿ ಮನೆಯ ಲೆಕ್ಕ ಹೀಗೆ: ಕೆಳಗೆ ಒಲೆಯಿರುವ ದೊಡ್ಡ ಅಡುಗೆಮನೆ, ಅದೇ ಕೂರುವ ಜಾಗವೂ. ಹಿಂದೆ ಪಾತ್ರೆ, ಬಟ್ಟೆ ತೊಳೆಯಲು ಇನ್ನೊಂದು ಕೋಣೆ. ಬಿಸಿಲು ಬೀಳದ ಉತ್ತರ ದಿಕ್ಕಿಗೆ ಉಗ್ರಾಣ. ಮೇಲೆ ಮೂರು ಮಲಗುವ ಕೋಣೆ. ಹೊರಗೆ ಕಕ್ಕಸು, ಹಂದಿಗೂಡು, ಸೌದೆ ಇಡುವ ಜಾಗ. ನೀರಿಗೆ ಎರಡು ಮೂರು ಮನೆಗೆ ಸೇರಿ ಒಂದು ಪಂಪು.

ಮೂರು ಕೋಣೆ ಅನ್ನುವುದು ಮುಖ್ಯ. ತಂದೆತಾಯಿಗೆ ಒಂದು, ಗಂಡುಮಕ್ಕಳಿಗೆ ಒಂದು, ಹೆಣ್ಣುಮಕ್ಕಳಿಗೆ ಒಂದು. ಆ ಕಾಲದ ಸುಧಾರಕರೆಲ್ಲ ಹಿಡಿದ ಪಟ್ಟು ಇದು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಹೊತ್ತಿಗೆ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಕೂಲಿಕಾರರಿಗಾಗಿ ನಾಲ್ಕು ಕುಟುಂಬದ ಒಂದು ಮಾದರಿ ಕಟ್ಟಡವನ್ನೇ ಕಟ್ಟಿಸಿ ತೋರಿಸಿದ. ಹೆನ್ರಿ ರಾಬರ್ಟ್ಸ್ ಅದರ ವಾಸ್ತುಶಿಲ್ಪಿ. ಅದರಲ್ಲೂ ಮನೆಗೆ ಮೂರು ಮಲಗುವ ಕೋಣೆ. ಆ ಕಟ್ಟಡ ಈಗಲೂ ಲಂಡನ್ನಿನ ಕೆನಿಂಗ್ಟನ್ ಪಾರ್ಕಿನಲ್ಲಿದೆ. ಅದನ್ನು ನೋಡಿದ ಮೇಲೆ ಜಮೀನ್ದಾರರಲ್ಲಿ ಒಳ್ಳೆ ಮನೆ ಕಟ್ಟಿಸುವುದು ಒಂದು ಮರ್ಯಾದೆಯ ವಿಷಯವಾಯಿತು.

ವೇಲ್ಸಿನಲ್ಲಿ ಕಲ್ಲು ಬೇಕಾದಷ್ಟು ಇದೆಯಲ್ಲ, ಇಟ್ಟಿಗೆ ಯಾಕೆ?

ಗಡಿಯ ಈ ಕಣಿವೆಯಲ್ಲಿ ಜೇಡಿಮಣ್ಣು ಚೆನ್ನಾಗಿದೆ. ಇಟ್ಟಿಗೆ ಎಸ್ಟೇಟಿನಲ್ಲೇ ಸುಡಬಹುದಿತ್ತು. ಅದಕ್ಕೂ ಮುಖ್ಯ, 1784ರಿಂದ ಇದ್ದ ಇಟ್ಟಿಗೆ ತೆರಿಗೆ 1850ರಲ್ಲಿ ಹೋಯಿತು. ಮರುವರ್ಷವೇ ಕಿಟಕಿ ತೆರಿಗೆಯೂ ಹೋಯಿತು. ಅಂದರೆ ನೇಲರ್ ಕಟ್ಟಡದ ಕೆಲಸ ಜೋರು ಮಾಡಿದ ಹೊತ್ತಿಗೇ ಗೋಡೆಯೂ ಬೆಳಕೂ ಅಗ್ಗವಾದವು. ಕಲ್ಲಿದ್ದಲು, ಸುಣ್ಣ ತರಲು ಮಾಂಟ್‌ಗಮರಿ ಕಾಲುವೆ ಮೊದಲೇ ಇತ್ತು. 1860ರಲ್ಲಿ ವೆಲ್ಷ್‌ಪೂಲ್‌ಗೆ ರೈಲೂ ಬಂತು. ಆಮೇಲೆ ದೂರದ ಸ್ಲೇಟು ಹೆಂಚು ತರಿಸುವುದೂ ಕಷ್ಟವಾಗಲಿಲ್ಲ.

ಕೋಳಿಗಳಿಗೂ ಬಂಗಲೆ ಕಟ್ಟಿಸಿದ್ದರಂತೆ, ನಿಜಾನಾ?

ನಿಜ. 1861ರಲ್ಲಿ, ನೇಲರ್ ಮಗಳ ಕೋಳಿಗಳಿಗಾಗಿ. ದೊಡ್ಡ ಹಕ್ಕಿಗೆ ಬೇರೆ ಜಾಗ, ಚಿಕ್ಕ ಹಕ್ಕಿಗೆ ಬೇರೆ. ಬಾತುಗಳಿಗೆ ಕೊಳ, ಕೆದಕಲು ಅಂಗಳ, ಮಳೆಗಾಳಿ ಬಂದಾಗ ನುಗ್ಗಲು ಒಂದು ಮಾಡು. ಪಕ್ಕದಲ್ಲಿ ಕೋಳಿ ನೋಡಿಕೊಳ್ಳುವವರಿಗೆ ಪುಟ್ಟ ಮನೆ. ಈಗ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಇದನ್ನು ರಿಪೇರಿ ಮಾಡಿ, ಆ ಪುಟ್ಟ ಮನೆಯನ್ನು ರಜೆಗೆ ಬಾಡಿಗೆಗೆ ಕೊಡುತ್ತದೆ.

ಕೋಳಿಮನೆ ತುಂಬ ಚೆಂದವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ವರ್ಷಗಳಲ್ಲಿ ಕಣಿವೆಯ ಎಷ್ಟೋ ಮನುಷ್ಯರು ಮಣ್ಣಿನ ನೆಲದ ಮೇಲೆ ಮಲಗುತ್ತಿದ್ದರು ಅನ್ನುವುದು ನನ್ನ ತಲೆಯಿಂದ ಹೋಗುವುದಿಲ್ಲ. ಯಾರಿಗೆ ಯಾವಾಗ ಒಳ್ಳೆ ಸೂರು ಸಿಗಬೇಕು ಅನ್ನುವುದು ಧಣಿಯ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು. ಅವನ ಮನಸ್ಸು ಒಳ್ಳೆಯದಿದ್ದರೆ ನಿಮಗೆ ಮೂರು ಕೋಣೆ.

ಬಾಡಿಗೆ ಎಷ್ಟಿತ್ತು? ಧಣಿಗೆ ಲಾಭ ಬರುತ್ತಿತ್ತಾ?

ಮನೆಯಿಂದ ನೇರವಾಗಿ ಇಲ್ಲ. ಆ ಕಾಲಕ್ಕೆ ಚೆನ್ನಾಗಿ ಕಟ್ಟಿದ ಜೋಡಿ ಮನೆಗೆ ಸುಮಾರು 200ರಿಂದ 300 ಪೌಂಡ್ ಬೀಳುತ್ತಿತ್ತು. ಕೂಲಿಯವನಿಗೆ ವಾರಕ್ಕೆ ಹತ್ತು ಹನ್ನೆರಡು ಷಿಲಿಂಗ್ (ಆಗ ಇಪ್ಪತ್ತು ಷಿಲಿಂಗ್‌ಗೆ ಒಂದು ಪೌಂಡ್). ಅವನು ಬಾಡಿಗೆ ಕೊಡಬಲ್ಲದ್ದು ವಾರಕ್ಕೆ ಒಂದೂವರೆ, ಎರಡು ಷಿಲಿಂಗ್. ಒಂದೂವರೆ ಅಂತ ಹಿಡಿದರೆ ವರ್ಷಕ್ಕೆ 78 ಷಿಲಿಂಗ್, ಅಂದರೆ ನಾಲ್ಕು ಪೌಂಡಿಗೂ ಎರಡು ಷಿಲಿಂಗ್ ಕಮ್ಮಿ. ಒಂದು ಮನೆಯ ಖರ್ಚು 125 ಪೌಂಡ್ ಆದರೆ ಶೇಕಡಾ ಮೂರು ಬಂತು. ಅದರಲ್ಲೇ ರಿಪೇರಿ ಕಳೆಯಬೇಕು.

ಮತ್ತೆ ಯಾಕೆ ಕಟ್ಟಿಸಿದರು? ಒಳ್ಳೆ ಕೆಲಸಗಾರ ಪಟ್ಟಣಕ್ಕೆ, ಕಲ್ಲಿದ್ದಲ ಗಣಿಗೆ ಓಡಿಹೋಗದಿರಲಿ ಅಂತ. ಸಮನಾದ ಧಣಿಗಳ ಮುಂದೆ ತಲೆಯೆತ್ತಿ ನಡೆಯಲಿಕ್ಕೆ. ಕೆಲವರಿಗೆ ಧರ್ಮ, ದಯೆ ಕೂಡ. ಇವೆಲ್ಲ ಒಬ್ಬನ ಮನಸ್ಸಲ್ಲೇ ಒಟ್ಟಿಗೆ ಇರಬಹುದು. ಬೇರೆ ಬೇರೆ ಮಾಡಿ ತೂಗುವುದು ಕಷ್ಟ.

ಬೇಕೆಂದಾಗ ಮನೆ ಖಾಲಿ ಮಾಡಿಸಬಹುದಿತ್ತಾ?

ಮಾಡಿಸಬಹುದಿತ್ತು. ಈ ಮನೆಗಳ ದೊಡ್ಡ ಕೊರತೆ ಇದೇ. ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಗೇ ಹೋಗುತ್ತಿತ್ತು. ಕೈಕಾಲು ಮುರಿದುಕೊಂಡರೆ, ಗಂಡ ತೀರಿಕೊಂಡರೆ, ಧಣಿಯ ಪರವಾಗಿ ಎಸ್ಟೇಟ್ ನೋಡಿಕೊಳ್ಳುವ ಏಜೆಂಟನ ಜೊತೆ ಮಾತಿಗೆ ಮಾತು ಬೆಳೆದರೆ, ಸೂರೂ ಅನುಮಾನವೇ. ಹಲವು ಎಸ್ಟೇಟ್‌ಗಳಲ್ಲಿ ಮನೆಯಲ್ಲಿ ಬಾಡಿಗೆಗೆ ಇನ್ನೊಬ್ಬರನ್ನು ಇಟ್ಟುಕೊಳ್ಳುವಂತಿಲ್ಲ ಅನ್ನುವ ಕಟ್ಟುಪಾಡೂ ಇತ್ತು.

ಹೊಲ ಮಾಡುವ ಒಕ್ಕಲುಗಳಿಗೆ ಇನ್ನೊಂದು ಭಯ, ಓಟಿನದ್ದು. ಆಗ ಓಟು ಗುಟ್ಟಾಗಿ ಹಾಕುವುದಿರಲಿಲ್ಲ. ಎಲ್ಲರೆದುರು ಹೆಸರು ಹೇಳಬೇಕಿತ್ತು, ಧಣಿಯ ಏಜೆಂಟ್ ಕೇಳಿಸಿಕೊಳ್ಳುತ್ತಿದ್ದ. ಧಣಿಗಳು ಹೆಚ್ಚಾಗಿ ಟೋರಿ (ಕನ್ಸರ್ವೇಟಿವ್) ಪಕ್ಷ ಮತ್ತು ಸರ್ಕಾರಿ ಮನ್ನಣೆಯ ಆಂಗ್ಲಿಕನ್ ಚರ್ಚಿನವರು. ಒಕ್ಕಲುಗಳು ಹೆಚ್ಚಾಗಿ ಆ ಚರ್ಚಿನಿಂದ ಬೇರೆಯಾದ ಪಂಥಗಳ ಚಾಪೆಲ್‌ಗೆ ಹೋಗುವವರು, ಒಲವು ಲಿಬರಲ್ ಕಡೆ. 1859ರ ಚುನಾವಣೆ ಆದಮೇಲೆ ಉತ್ತರ ವೇಲ್ಸಿನ ಮೆರಿಯೋನೆತ್‌ನ ಬಾಲಾ ಸುತ್ತ ಧಣಿ ಹೇಳಿದಂತೆ ಓಟು ಹಾಕದವರನ್ನು ಒಕ್ಕಲೆಬ್ಬಿಸಿದರು. 1868ರ ಚುನಾವಣೆ ಆದಮೇಲೆ ಪಶ್ಚಿಮ ವೇಲ್ಸಿನಲ್ಲಿ ಇನ್ನೂ ಜಾಸ್ತಿ. ಈ ಗಲಾಟೆಯೂ ಸೇರಿ 1872ರಲ್ಲಿ ಗುಟ್ಟಿನ ಮತದಾನದ ಕಾನೂನು ಬಂತು. ಅದರ ಫಲ ಮಾಂಟ್‌ಗಮರಿಶೈರ್‌ನಲ್ಲೇ ಕಾಣಬಹುದು. 1799ರಿಂದ ವಿನ್ ಎಂಬ ಜಮೀನ್ದಾರ ಮನೆತನದ ಕೈಯಲ್ಲೇ ಇದ್ದ ಈ ಕ್ಷೇತ್ರ 1880ರಲ್ಲಿ ಕೈಜಾರಿ ಲಿಬರಲ್ ಪಕ್ಷದ ಸ್ಟುವರ್ಟ್ ರೆಂಡೆಲ್‌ಗೆ ಸಿಕ್ಕಿತು. ಇವು ವೇಲ್ಸಿನ ಒಟ್ಟು ಪರಿಸ್ಥಿತಿಯ ಮಾತು, ನೇಲರ್ ಮೇಲೆ ಹೊರಿಸುವ ಆರೋಪವಲ್ಲ.

ಮನೆ ಹೇಗೆ ಆಯುಧವಾಗುತ್ತದೆ ಅನ್ನುವುದಕ್ಕೆ ಪೆನ್ರಿನ್ ಉದಾಹರಣೆ ಸಾಕು. ಅಲ್ಲಿನ ಧಣಿಗಳು ಕೋಟೆಯ ಬಾಗಿಲಲ್ಲೇ ಲಾಂಡಿಗೈ ಅನ್ನುವ ಚೆಂದದ ಮಾದರಿ ಹಳ್ಳಿ ಕಟ್ಟಿಸಿದ್ದರು. ಅವರದೇ ಸ್ಲೇಟು ಗಣಿಯಲ್ಲಿ 1900ರಿಂದ 1903ರವರೆಗೆ ದೊಡ್ಡ ಮುಷ್ಕರ ನಡೆಯಿತು. ಕೆಲಸಕ್ಕೆ ಮರಳಿದವರಿಗೆ ತ್ರೆಗಾರ್ಥ್‌ನಲ್ಲಿ ಎಸ್ಟೇಟ್ ಮನೆಗಳು ಸಿಕ್ಕವು. ಮುಷ್ಕರ ಬಿಡದವರು ತಮ್ಮ ಮನೆಯ ಕಿಟಕಿಗೆ ಒಂದು ಚೀಟಿ ಅಂಟಿಸಿದರು: “ಈ ಮನೆಯಲ್ಲಿ ದ್ರೋಹಿ ಇಲ್ಲ.”

ಇಲ್ಲಿಯವರು ವೇಲ್ಷ್ ಮಾತಾಡುತ್ತಿದ್ದರಾ?

ಲೇಟನ್ ಗಡಿಯ ಊರು, ಅಲ್ಲಿ ಆಗಲೇ ಇಂಗ್ಲಿಷ್ ಜಾಸ್ತಿ. ಪಶ್ಚಿಮಕ್ಕೆ ಹೋದಂತೆ ವೇಲ್ಷ್ ಜಾಸ್ತಿ. ಅಲ್ಲೆಲ್ಲ ಧಣಿ ಒಂದು ಭಾಷೆ, ಒಕ್ಕಲು ಇನ್ನೊಂದು ಭಾಷೆ, ನಡುವೆ ಏಜೆಂಟ್.

ಆ ಕಾಲದಲ್ಲೇ ಕಾಂಕ್ರೀಟ್ ಮನೆ ಕಟ್ಟಿದ್ದರು ಅಂತ ಕೇಳಿದೆ. ಎಲ್ಲಿ?

ಅದೇ ಜಿಲ್ಲೆಯಲ್ಲಿ, ನ್ಯೂಟೌನ್ ಪಟ್ಟಣದಿಂದ ಉತ್ತರಕ್ಕಿರುವ ತ್ರೆಗನನ್ ಹಳ್ಳಿಯಲ್ಲಿ. ಅದು ಗ್ರೆಗನೋಗ್ ಎಸ್ಟೇಟಿನ ಹಳ್ಳಿ. ಸಡ್ಲಿ ಪ್ರಭುಗಳ ಹ್ಯಾನ್ಬರಿ-ಟ್ರೇಸಿ ಮನೆತನ 1870ರ ಆಸುಪಾಸಿನಲ್ಲಿ ಅಲ್ಲಿ ಕಾಂಕ್ರೀಟಿನ ಮನೆಗಳನ್ನು ಕಟ್ಟಿಸಿತು. ನಮ್ಮ ಈಗಿನ ಕಾಂಕ್ರೀಟಿನ ಹಾಗೆ ಒಳಗೆ ಕಬ್ಬಿಣದ ಸರಳು ಇಲ್ಲ. ಎರಡು ಕಡೆ ಹಲಗೆ ನಿಲ್ಲಿಸಿ, ನಡುವೆ ಜಲ್ಲಿ-ಸಿಮೆಂಟಿನ ಮಿಶ್ರಣ ಸುರಿದು, ಗಟ್ಟಿಯಾದ ಮೇಲೆ ಹಲಗೆ ಮೇಲೆತ್ತಿ ಮತ್ತೆ ಸುರಿಯುವುದು. ನುರಿತ ಗಾರೆಯವರು ಜಾಸ್ತಿ ಬೇಕಾಗಲ್ಲ, ಊರಿನ ಆಳುಗಳೇ ಸಾಕು. ಧಣಿಗೆ ಅದೇ ಅನುಕೂಲ.

ಗ್ರೆಗನೋಗ್ ಬಂಗಲೆಯನ್ನು ದೂರದಿಂದ ನೋಡಿದರೆ ಕಪ್ಪು ಮರದ ತೊಲೆ, ನಡುವೆ ಬಿಳಿ ಗೋಡೆ. ಹತ್ತಿರ ಹೋದರೆ ತೊಲೆಯಲ್ಲಿ ಮರದ ಗೆರೆ ಇಲ್ಲ, ಬಿರುಕಿಲ್ಲ, ಗೂಟ ಹೊಡೆದ ಗುರುತಿಲ್ಲ. ಪೂರ್ತಿ ಕಾಂಕ್ರೀಟ್, ಮೇಲೆ ಬಣ್ಣ. ಇಷ್ಟೆಲ್ಲ ಹೊಸತನ ತೋರಿಸಿದ ಮನೆತನದ ನಾಲ್ಕನೇ ಸಡ್ಲಿ ಪ್ರಭು 1893ರಲ್ಲಿ ದಿವಾಳಿಯಾದ. 1920ರಲ್ಲಿ ಬಂಗಲೆ ಗ್ವೆಂಡೊಲಿನ್ ಮತ್ತು ಮಾರ್ಗರೆಟ್ ಡೇವಿಸ್ ಎಂಬ ಅಕ್ಕತಂಗಿಯರ ಕೈಗೆ ಬಂದು, ಸಂಗೀತ, ಚಿತ್ರಕಲೆ, ಪುಸ್ತಕ ಮುದ್ರಣದ ಜಾಗವಾಯಿತು. ಕೂಲಿಯವರಿಗಾಗಿ ಸುರಿದ ಕಾಂಕ್ರೀಟ್ ಗೋಡೆಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ.

ಲೇಲೆಂಡಿ ಬೇಲಿ ಗಿಡಕ್ಕೂ ಲೇಟನ್‌ಗೂ ಸಂಬಂಧ ಇದೆಯಾ?

ಇದೆ. ನೇಲರ್ ಅಮೆರಿಕದ ಮರಗಳನ್ನು ತರಿಸಿ ನೆಟ್ಟಿದ್ದ. ಎರಡು ಜಾತಿಯ ಸೈಪ್ರೆಸ್ ಮರಗಳು ಅಲ್ಲಿ ಅಕ್ಕಪಕ್ಕ ಬೆಳೆದು, ತಾವಾಗೇ ಬೆರೆತು, 1888ರಲ್ಲಿ ಹೊಸ ಬಗೆಯ ಸಸಿಗಳು ಹುಟ್ಟಿದವು. ಮಗ ಕ್ರಿಸ್ಟೊಫರ್, ಮುಂದೆ ಲೇಲೆಂಡ್ ಅಂತ ಹೆಸರು ಬದಲಿಸಿಕೊಂಡವನು, ಅವನ್ನು ಬೆಳೆಸಿದ. ಬ್ರಿಟನ್ನಿನಲ್ಲಿರುವ ನಮ್ಮವರ ಹಿತ್ತಲಿನಲ್ಲೂ ಈ ಗಿಡ ಇರುತ್ತದೆ. ಕತ್ತರಿಸದೆ ಬಿಟ್ಟರೆ ನೆರೆಯವರ ಬಿಸಿಲು ಪೂರ್ತಿ ನುಂಗುತ್ತದೆ, ಜೋಪಾನ.

ಈ ಎಸ್ಟೇಟ್‌ಗಳು ಏನಾದವು?

1870ರ ದಶಕದ ಕೊನೆಗೆ ಅಮೆರಿಕದ ಅಗ್ಗದ ಗೋಧಿ ಬಂದು ಬೆಳೆಗೆ ಬೆಲೆ ಬಿತ್ತು. ಗೇಣಿ ಇಳಿಸಬೇಕಾಯಿತು. 1894ರಲ್ಲಿ ಹೊಸ ಆಸ್ತಿ ತೆರಿಗೆ ಬಂತು, ಧಣಿ ಸತ್ತಾಗ ವಾರಸುದಾರರು ಕಟ್ಟಬೇಕಾದ್ದು. ಮೊದಲ ಮಹಾಯುದ್ಧದ ಆಚೀಚೆ ವೇಲ್ಸಿನಾದ್ಯಂತ ಎಸ್ಟೇಟ್‌ಗಳನ್ನು ತುಂಡು ಮಾಡಿ ಮಾರಿದರು. ಎಷ್ಟೋ ಒಕ್ಕಲುಗಳು ತಾತನ ಕಾಲದಿಂದ ಉಳುತ್ತಿದ್ದ ಹೊಲವನ್ನು ಸಾಲ ಮಾಡಿ ಕೊಂಡರು. ಲೇಟನ್ ಎಸ್ಟೇಟ್ 1931ರಲ್ಲಿ ಮಾರಾಟವಾಯಿತು.

ಇಂಥ ಹಳೆ ಮನೆ ಕೊಳ್ಳಬೇಕು ಅಂತಿದ್ದೇವೆ. ಏನು ಗಮನಿಸಬೇಕು?

ಮೊದಲು ಅದು ಲಿಸ್ಟೆಡ್ ಕಟ್ಟಡವಾ, ಅಂದರೆ ಉಳಿಸಬೇಕಾದ ಹಳೆ ಕಟ್ಟಡಗಳ ಪಟ್ಟಿಯಲ್ಲಿದೆಯಾ ಅಂತ ನೋಡಿ. ವೇಲ್ಸಿನಲ್ಲಿ ಈ ಪಟ್ಟಿ ಸರ್ಕಾರದ ಪರಂಪರೆ ಸಂಸ್ಥೆಯಾದ ಕ್ಯಾಡೂದು. ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸಲೂ ಸ್ಥಳೀಯ ಕೌನ್ಸಿಲ್ ಅನುಮತಿ ಬೇಕಾಗಬಹುದು. ಅನುಮತಿ ಇಲ್ಲದೆ ಮಾಡಿದರೆ ಅದು ಅಪರಾಧ.

ಆಮೇಲೆ ಗೋಡೆ. ಈ ಇಟ್ಟಿಗೆ ಗೋಡೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಹಳೆ ಸಂದಿಯಲ್ಲಿ ಉಗುರಿಟ್ಟು ಕೆರೆದರೆ ಬಿಳಿ ಪುಡಿ ಉದುರುತ್ತದೆ, ನಮ್ಮ ಅಜ್ಜಿ ಮನೆಯ ಗೋಡೆಯ ಹಾಗೆ. ಅದು ದುರ್ಬಲ ಅಂತ ಗಾಬರಿಯಾಗಿ ಸಿಮೆಂಟ್ ಮೆತ್ತಬೇಡಿ. ಗೋಡೆಯೊಳಗಿನ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತಿರುತ್ತದೆ. ಸಿಮೆಂಟ್ ಮೆತ್ತಿದರೆ ತೇವ ಇಟ್ಟಿಗೆಯೊಳಗೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ನನಗೆ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಗಿದೆ. ಸಿಮೆಂಟ್ ಗೆರೆಗಳು ಉಬ್ಬಿ ನಿಂತಿವೆ, ನಡುವಿನ ಇಟ್ಟಿಗೆಗಳು ಬೆರಳು ಹೋಗುವಷ್ಟು ಸವೆದಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೋಗೋದು ಹೇಗೆ? ಒಂದೇ ದಿನ ಇದ್ದರೆ ಏನು ನೋಡಲಿ?

ಶ್ರೂಸ್‌ಬರಿಯಿಂದ ವೆಲ್ಷ್‌ಪೂಲ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಸ್ಟೇಷನ್ನಿನಿಂದ ಪೋವಿಸ್ ಕೋಟೆಗೆ ನಡೆದೇ ಹೋಗಬಹುದು. ಕೋಟೆ ಈಗ ನ್ಯಾಷನಲ್ ಟ್ರಸ್ಟಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್. ಅವನ ಮನೆತನದ ಮೂಲಕ ಟಿಪ್ಪುವಿನ ಚೀಟಿ ಬಟ್ಟೆಯ ಡೇರೆ, ಸಿಂಹಾಸನದ ಹುಲಿತಲೆ ಇಲ್ಲಿಗೆ ಬಂದು ಸೇರಿದವು. ಅದು ಬೇರೆ ಎಸ್ಟೇಟ್, ನೇಲರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಇವೆರಡೂ ಎದುರುಬದುರು ಇವೆ.

ಮಧ್ಯಾಹ್ನ ಲೇಟನ್ ಕಡೆ ಹೋಗಿ. ಲೇಟನ್ ಬಂಗಲೆ ಖಾಸಗಿಯವರದು, ಒಳಗೆ ಬಿಡುವುದಿಲ್ಲ. ಚರ್ಚಿನ ಹೊರಗೆ ನಿಂತು ಗೋಪುರ ನೋಡಿ, ರಸ್ತೆ ಬದಿಯ ಮನೆಗಳನ್ನು ನೋಡುತ್ತಾ ನಡೆಯಿರಿ. ಅವುಗಳಲ್ಲಿ ಜನ ವಾಸವಿದ್ದಾರೆ, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ. ಹೊತ್ತಿದ್ದರೆ ರೆಡ್‌ವುಡ್ ತೋಪಿಗೆ ಹೋಗಿ. 1850ರ ದಶಕದಲ್ಲಿ ನೆಟ್ಟ ಮರಗಳವು, ಈಗ ರಾಯಲ್ ಫಾರೆಸ್ಟ್ರಿ ಸೊಸೈಟಿ ನೋಡಿಕೊಳ್ಳುತ್ತಿದೆ. ತೊಗಟೆ ಮುಟ್ಟಿದರೆ ತೆಂಗಿನ ನಾರಿನ ಹಾಗೆ ಮೆತ್ತಗಿರುತ್ತದೆ. ಮಳೆ ಬಂದರೆ ಅಲ್ಲಿ ನಿಲ್ಲೋಕೆ ಸೂರು ಇಲ್ಲ, ಛತ್ರಿ ತೆಗೆದುಕೊಂಡೇ ಹೋಗಿ.